ರುಸ್ತುಮನ ಪರೀಕ್ಷೆ

ಗೋಡೆ ಹಾರು ಎಂದವರು ಸ್ವತಃ ಗೌಡರೇ. ಆದರೂ ಹತ್ತೊಂಬತ್ತು ವರ್ಷ ತಾನೇ ಕಾವಲಿದ್ದ ಮನೆಯ ಹಿತ್ತಲ ಗೋಡೆಯ ಮೇಲೆ, ನಡುಮಧ್ಯಾಹ್ನ, ಮುಖಕ್ಕೆ ಕಂಬಳಿ ಸುತ್ತಿಕೊಂಡು ಕಳ್ಳನ ಹಾಗೆ ಕೂತಾಗ ಮೌಲಾಲಿಗೆ ನಾಚಿಕೆಯಾಯಿತು. ಅರವತ್ತು ದಾಟಿದ ವಯಸ್ಸು ಬೇರೆ. ಕೆಳಗೆ ಬೇವಿನ ನೆರಳಲ್ಲಿ ರುಸ್ತುಂ ಮಲಗಿತ್ತು.

ರುಸ್ತುಂ ಬಾಕ್ಸರ್ ಜಾತಿಯ ನಾಯಿ. ಎಂಬತ್ತಾರರ ದೀಪಾವಳಿಗೆ ಪುಣೆಯಿಂದ ಬಂದ ಅಳಿಯ, ಗೊಬ್ಬೂರಿನ ದೌಲತರಾಯ ಗೌಡರಿಗೆ ತಂದುಕೊಟ್ಟ ಮರಿ. ಚಪ್ಪಟೆ ಮೂಗು, ಕರಿ ಮೋರೆ, ಅಗಲ ಎದೆ. ಊರ ಜನ ಅದನ್ನು ದೂರದಿಂದ ನೋಡಿಯೇ ಓಣಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಅಂಗಳದೊಳಗೆ ಕಾಲಿಟ್ಟವರಿಗೆ ಮಾತ್ರ ಅದರ ನಿಜ ಗೊತ್ತು. ಯಾರೇ ಬಂದರೂ ಅದಕ್ಕೆ ಹಬ್ಬ. ಮುಂಗಾಲೆತ್ತಿ ಎದೆಗೊರಗಿ, ಜೊಲ್ಲು ಸುರಿಸುತ್ತ ಮುಖ ನೆಕ್ಕುವುದೇ ಅದರ ಕಾವಲು.

ಅದನ್ನು ಸಾಕಿದವನು ಮೌಲಾಲಿ. ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ತಿನ್ನಿಸಿದ್ದ, ಮಳೆಗಾಲದಲ್ಲಿ ತನ್ನ ಕಂಬಳಿಯೊಳಗೇ ಮಲಗಿಸಿಕೊಂಡಿದ್ದ. ಇದು ಕಾವಲು ಕಲಿತರೆ ತನಗೆ ಕೆಲಸವಿಲ್ಲ ಎಂದು ಗೊತ್ತಿದ್ದೂ ಸಾಕಿದ. ಮನೆಯಲ್ಲಿ ಹೆಂಡತಿ ಖಾಸೀಂಬಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಅವರ ಒಲೆ ಉರಿಯುತ್ತಿದ್ದದ್ದೇ ಗೌಡರು ಕೊಡುವ ಜೋಳದಿಂದ. ನಾಯಿ ಬೊಗಳುತ್ತದೋ ಇಲ್ಲವೋ ನೋಡಿಬಿಡೋಣ ಎಂದು ಗೌಡರಿಗೆ ಅಂದು ಹೊಳೆಯಿತು. ಕಳ್ಳನಾಗಿ ಹಾರಲು ಊರಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಕಡೆಗೆ ಸಾಕಿದವನನ್ನೇ ಗೋಡೆ ಹತ್ತಿಸಿದರು! ದೊಡ್ಡವರ ಬುದ್ಧಿಗೆ ಎದುರಾಡುವವರು ಯಾರು?

ಮೌಲಾಲಿ ಧುಮುಕಿದ. ರುಸ್ತುಂ ತಲೆಯೆತ್ತಿ ಒಮ್ಮೆ ಮೂಸಿತು. ಮರುಕ್ಷಣ ಮೊಂಡು ಬಾಲದ ಜೊತೆ ಸೊಂಟವನ್ನೇ ಅಲ್ಲಾಡಿಸುತ್ತ ಬಂದು ಕಂಬಳಿ ಎಳೆದುಹಾಕಿ ಅವನ ಗಡ್ಡ ನೆಕ್ಕತೊಡಗಿತು. ಮೌಲಾಲಿಗೆ ನಗು ಬಂತು. ಕೆಲಸ ಉಳಿಯಿತು ಅಂದುಕೊಂಡ.

ಮಾಳಿಗೆಯ ಮೇಲಿಂದ ನೋಡುತ್ತಿದ್ದ ಗೌಡರು ನಗಲಿಲ್ಲ.

"ನಿನ್ನ ನೋಡಿ ಬೊಗಳಲಿಲ್ಲಲ್ಲೋ ಮೌಲಾಲಿ."

"ಇದ್ರ ಸ್ವಭಾವನೇ ಹಂಗ್ರಿ ಗೌಡ್ರ. ಕಾವಲಿಗಿ ಆಗಂಗಿಲ್ರಿ ಇದು."

"ಅಂದ್ರ ನೀ ಯಾವಾಗ ಬೇಕಾದ್ರೂ ಗ್ವಾಡಿ ಹಾರಿ ಬರಬಹುದು. ಕೇಳಾವ್ರೇ ಇಲ್ಲ."

ಅಡುಗೆಮನೆಯಿಂದ ಗೌಡರ ಹೆಂಡತಿ ಸುಭದ್ರಾಬಾಯಿ ಹೊರಗೆ ಬಂದರು. "ಏನ್ ಮಾತಂತ ಆಡ್ತೀರಿ? ಮಗಳ ಮದುವಿ ಬಂಗಾರ ಮನ್ಯಾಗಿಟ್ಟು, ಇವನ್ನೊಬ್ಬನ್ನ ಕಾವಲು ಬಿಟ್ಟು ಊರಿಗಿ ಹೋಗಿದ್ವಿ, ಮರೆತ್ರೇನು?"

"ಅಂವ ಕಳ್ಳ ಅಂತ ನಾ ಅಂದೇನೇನು? ನಾಯಿ ಬೊಗಳಬೇಕು, ಅಷ್ಟೇ. ನಾಕೇಟು ಹಾಕೋ ಮೌಲಾಲಿ. ನಿನ್ನ ಕಂಡ್ರ ಬೊಗಳಂಗ ಮಾಡು. ಇಲ್ಲಾಂದ್ರ ಮಂದೀಗಿ ನಾ ಏನ್ ಹೇಳ್ಲಿ?"

ಮಂದಿ! ಗೌಡರ ನಾಯಿ ಮೌಲಾಲಿಯನ್ನು ಬೊಗಳದೆ ಒಳಗೆ ಬಿಟ್ಟುಕೊಳ್ಳುತ್ತದಂತೆ ಎಂಬ ಮಾತು ಒಮ್ಮೆ ಹಬ್ಬಿದರೆ ಗೊಬ್ಬೂರಲ್ಲಿ ಅವನನ್ನು ಯಾರೂ ಬಾಗಿಲಿಗೆ ಸೇರಿಸುವುದಿಲ್ಲ. ಉಳಿದದ್ದು ಹೆಸರೊಂದೇ. ಮೌಲಾಲಿ ಬಡಿಗೆ ತೆಗೆದುಕೊಂಡ.

ಮೊದಲ ಏಟನ್ನು ರುಸ್ತುಂ ಆಟ ಅಂದುಕೊಂಡಿತು. ಮುಂಗಾಲು ಚಾಚಿ ಬಗ್ಗಿ, ಇನ್ನೊಂದಕ್ಕೆ ಕಾದು ನಿಂತಿತು. ಇನ್ನೊಂದು ಬಿತ್ತು. ಕುಂಯ್‌ಗುಟ್ಟುತ್ತ ಓಡಿ ಬಂಡಿಯ ಕೆಳಗೆ ಸೇರಿತು.

"ಕರಿ ಅದನ್ನ," ಎಂದರು ಗೌಡರು.

"ರುಸ್ತುಂ... ಬಾ ಬೇಟಾ."

ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ ಬಂತು, ಬರಬಾರದಿತ್ತು. ಮೌಲಾಲಿ ಕಣ್ಣು ಮುಚ್ಚಿ ಹೊಡೆದ. ಏಟು ಮೂಗಿಗೆ ಬಿತ್ತು. ಆಮೇಲೆ ಎಷ್ಟು ಹೊಡೆದನೋ ಅವನಿಗೇ ತಿಳಿಯಲಿಲ್ಲ. ಬಾಯಿ ತೆರೆದು ಅಳುತ್ತಿದ್ದ. ಕಡೆಗೆ ರುಸ್ತುಂ ಮೂಲೆಗೆ ಬೆನ್ನು ಕೊಟ್ಟು, ಹಲ್ಲು ಕಿರಿದು, ಬೊಗಳಿತು. ದಪ್ಪ ದನಿ. ಆ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

"ಶಹಬ್ಬಾಸ್!" ಗೌಡರು ಚಪ್ಪಾಳೆ ತಟ್ಟಿದರು. "ಸಾಕಿದಂವಗೇ ಬಿಡಲಿಲ್ಲಂದ್ರ ಇನ್ಯಾರಿಗಿ ಬಿಡ್ತದ? ನಿನ್ನ ಹೆಸರಿಗಿ ಏನೂ ಧಕ್ಕಿ ಇಲ್ಲಪ್ಪ. ಒಂದು ಚೀಲ ಜ್ವಾಳ ಒಯ್ಯಿ. ನಾಳಿಂದ ಮನ್ಯಾಗ ಆರಾಮ ಇರು."

ಮೌಲಾಲಿ ಬಡಿಗೆ ಕೆಳಗಿಟ್ಟ. "ಅವ್ವಾರೆ, ಒಂದೀಟು ಅರಿಶಿಣ ಎಣ್ಣಿ ಕೊಡ್ರಿ," ಎಂದ. ಸುಭದ್ರಾಬಾಯಿ ಅವನ ಮುಖ ನೋಡದೆ ಬಟ್ಟಲು ತಂದುಕೊಟ್ಟರು. ಒಂದು ಹೆಜ್ಜೆ ಇಟ್ಟ, ರುಸ್ತುಂ ಬೊಗಳಿತು. ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ, ಮತ್ತೂ ಬೊಗಳಿತು. ಹಿತ್ತಲ ಬಾಗಿಲ ಆಚೆ ಹೋಗಿ ಓಣಿಯಲ್ಲಿ ನಿಂತ. ಗೌಡರ ಊಟ ಮುಗಿದರೂ ಬೊಗಳುವುದು ನಿಲ್ಲಲಿಲ್ಲ.

ಆಗ ತಲೆಯ ಮೇಲೆ ಗಂಟು ಹೊತ್ತ, ಎಂದೂ ಆ ಊರಲ್ಲಿ ಕಾಣದ, ಪಾತ್ರೆ ಮಾರುವವನೊಬ್ಬ ಬಂದು ಬಾಗಿಲಲ್ಲಿ ಅಳುಕಿ ನಿಂತ.

"ಕಡೀತದೇನ್ರಿ ಕಾಕಾ?"

ಮೌಲಾಲಿ ಉತ್ತರ ಕೊಡುವ ಮೊದಲೇ ರುಸ್ತುಂ ಪಾತ್ರೆಯವನನ್ನು ಕಂಡಿತು. ಬೊಗಳುವುದನ್ನು ಬಿಟ್ಟು, ಸೊಂಟ ಅಲ್ಲಾಡಿಸುತ್ತ, ಕುಂಟುತ್ತ ಹೊಸ್ತಿಲ ತನಕ ಬಂತು.

"ಇಲ್ಲಪ್ಪ," ಎಂದ ಮೌಲಾಲಿ. ಬಟ್ಟಲನ್ನು ಅವನ ಕೈಗಿಟ್ಟು ಗೋಡೆಯ ಮರೆಗೆ ಸರಿದ. "ಇದಿಷ್ಟು ಅದ್ರ ಮೂಗಿಗಿ ಹಚ್ಚು."

ಪಾತ್ರೆಯವನು ಗಂಟು ಇಳಿಸಿ ಕೂತ. ರುಸ್ತುಂ ಅವನ ಮೊಣಕಾಲಿಗೆ ಒರಗಿ, ಮೋರೆ ಎತ್ತಿ ಹಿಡಿಯಿತು.