ಗಂಟಲಕ್ಕ

"ಎಲ್ಲಿ ಹಾಳಾಗಿ ಹೋಗಿದ್ದೆ, ಮುಂಡೆ? ದಿನಕ್ಕೆ ಎಷ್ಟು ಸಲ ಬರುತ್ತೆ ನಿಂಗೆ ಉಚ್ಚೆ?"

"ಗಂಡ ಬದುಕಿದಾನೆ ಸ್ವಾಮಿ, ಮುಂಡೆ ಅನ್ಬೇಡಿ," ಎನ್ನುತ್ತಾ ಗಂಟಲಕ್ಕ ಮೇಸ್ತ್ರಿಯ ಮುಖ ನೋಡದೆ ಬಣ್ಣದ ತೊಟ್ಟಿಯ ಮುಂದೆ ಬಂದು ನಿಂತಳು. ಕುದಿಯುವ ಬಣ್ಣದಿಂದ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಪಕ್ಕದ ತೊಟ್ಟಿಗೆ ಹಾಕುವುದು ಅವಳ ಕೆಲಸ.

"ಬದುಕಿದಾನಂತೆ. ಕಣ್ಣಿಲ್ಲದ ಹೆಣ," ಎಂದ ಮೇಸ್ತ್ರಿ.

ಸಾಲಿನಲ್ಲಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಅವಳ ನಿಜವಾದ ಹೆಸರು ಕೇರಿಯಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. ಕೆಂಪು ಬಾವುಟದ ಪಾರ್ಟಿಯ ಮೆರವಣಿಗೆಯಲ್ಲಿ ಘೋಷಣೆ ಕೂಗುವವಳು ಅವಳೇ. ಮೈಕು ಕೆಟ್ಟರೂ ಅವಳ ದನಿ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಪ್ರತಿ ಸಲ ದೇಶದ ಚುನಾವಣೆ ಬಂದಾಗಲೂ ಪಾರ್ಟಿ ಒಬ್ಬರನ್ನು ನಿಲ್ಲಿಸುತ್ತಿತ್ತು. ಪ್ರತಿ ಸಲವೂ ಠೇವಣಿ ಕಳೆದುಕೊಳ್ಳುತ್ತಿತ್ತು. ಗಂಟಲು ಕಟ್ಟಿಹೋಗಿ ಆಮೇಲೆ ಒಂದು ವಾರ ಅವಳು ಸನ್ನೆಯಲ್ಲೇ ಮಾತಾಡುತ್ತಿದ್ದಳು.

ಗಂಡ ಇದೇ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರಿನ ಕೆಲಸಕ್ಕಿದ್ದ. ಹಿಂದೊಮ್ಮೆ ಮುಷ್ಕರ ನಡೆದಾಗ ಧಣಿಯ ಆಳುಗಳು ಗೇಟಿನ ಹತ್ತಿರ ಅವನ ತಲೆಗೆ ಹೊಡೆದರು. ಅಂದಿನಿಂದ ಕಣ್ಣು ಕಾಣಿಸದು. ರಕ್ತ ಸೋರುತ್ತಿದ್ದವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು ಪಾರ್ಟಿಯ ಕಾರ್ಯದರ್ಶಿ.

ಅಂಥ ಕಾರ್ಯದರ್ಶಿಯೇ ಅಂದು ಸಂಜೆ ಅವಳನ್ನು ಪಾರ್ಟಿ ಆಫೀಸಿಗೆ ಕರೆಸಿದ್ದ. ಟೀ ತರಿಸಿಕೊಟ್ಟ. ಬಹಳ ಹೊತ್ತು ಗಾಜಿನ ಲೋಟವನ್ನೇ ತಿರುಗಿಸುತ್ತಾ ಕೂತ.

"ಈ ಸಲ ನಾವು ಇಲ್ಲಿ ನಿಲ್ತಾ ಇಲ್ಲ ಅಕ್ಕ. ಮೇಲೆ ಇನ್ನೊಂದು ಪಾರ್ಟಿ ಜೊತೆ ಒಪ್ಪಂದ ಆಗಿದೆ. ಸೀಟು ಅವರಿಗೆ ಹೋಗಿದೆ."

"ಯಾರು ನಿಲ್ತಾರೆ?"

ಅವನು ಬಾಗಿಲ ಕಡೆ ನೋಡಿದ. "ಧಣಿ."

ಹೊರಗೆ ಯಾರೋ ಬಾವುಟದ ಕೋಲುಗಳನ್ನು ಕಟ್ಟುತ್ತಿದ್ದರು.

"ಈಗ ಸರ್ಕಾರ ನಡೆಸ್ತಿರೋರು ಮತ್ತೆ ಬಂದ್ರೆ ಯೂನಿಯನ್ನೇ ಉಳಿಯಲ್ಲ. ದೊಡ್ಡ ಶತ್ರುನ ಮೊದಲು ತಡೀಬೇಕು ಅಕ್ಕ."

"ಇವನು ಚಿಕ್ಕೋನಾ ಅಣ್ಣ?"

"ನಾನೂ ವಾದ ಮಾಡಿ ಬಂದೆ. ಮೀಟಿಂಗಲ್ಲಿ ನನ್ನ ಮಾತು ಬಿದ್ದುಹೋಯ್ತು. ಕೇರಿ ಒಳಗೆ ನೀವು ಕೂಗಿದ್ರೇನೇ ಜನ ಬರೋದು."

ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಟೀ ಅರ್ಧ ಕುಡಿದು ಎದ್ದಳು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಕುದಿಯುತ್ತಾನೆ ಅಂದುಕೊಂಡಿದ್ದಳು. ಅವನು ಗೋಡೆಗೆ ಒರಗಿ, "ಹೋಗು" ಎಂದ.

"ನಿನ್ನ ಕಣ್ಣು ತೆಗೆದೋನಿಗೆ ಜೈ ಅನ್ಬೇಕಾ ನಾನು?"

"ಇಷ್ಟು ವರ್ಷ ನಂಬ್ಕೊಂಡ್ ಬಂದಿದ್ದು ಆ ಪಾರ್ಟಿ ಒಂದನ್ನೇ ಕಣೇ. ಅದೂ ಸುಳ್ಳು ಅಂತಾದ್ರೆ ನಾನು ಯಾತಕ್ಕೆ ಹೊಡೆಸ್ಕೊಂಡೆ, ಹೇಳು."

ಅವಳು ಅವನ ಕೈ ಹಿಡಿದು ಅನ್ನದ ತಟ್ಟೆಯ ಮೇಲಿಟ್ಟಳು.

ಭಾನುವಾರ ಮೆರವಣಿಗೆ. ತೆರೆದ ಲಾರಿಯಲ್ಲಿ ಧಣಿ ನಿಂತಿದ್ದ, ಪಕ್ಕದಲ್ಲಿ ಕಾರ್ಯದರ್ಶಿ. ಗಂಟಲಕ್ಕ ಹತ್ತಿದೊಡನೆ ಧಣಿ ಕೈ ಮುಗಿದ.

"ಬಾಮ್ಮಾ. ಹಳೇದೆಲ್ಲ ಮರೆತುಬಿಡೋಣ. ಈಗ ನಾವೆಲ್ಲ ಒಂದೇ ಅಲ್ವಾ?" ಎಂದವನೇ ಪಕ್ಕದ ಆಳಿನ ಕಡೆ ಬಾಗಿದ. ದನಿ ತಗ್ಗಿಸಿದ್ದರೂ ಅವಳಿಗೆ ಕೇಳಿಸಿತು. "ಆ ಕಡೆ ನಿಲ್ಸೋ ಇವಳನ್ನ. ನಾತ ಹೊಡೀತಾಳೆ."

ಅದು ಬಣ್ಣದ ತೊಟ್ಟಿಯ ನಾತ. ಅವನದೇ ತೊಟ್ಟಿ.

ಆಳು ಅವಳ ರಟ್ಟೆ ಹಿಡಿದು ಮೂಲೆಗೆ ಸರಿಸಿದ. ಕಾರ್ಯದರ್ಶಿ ನೋಡಿದ, ನೋಡಿ, ಮೈಕಿನ ವೈರು ಬಿಡಿಸತೊಡಗಿದ.

ಲಾರಿ ಕೇರಿಯೊಳಗೆ ಬಂತು. ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ತೊಟ್ಟಿಯ ಸಾಲಿನವರು, ಬಟ್ಟೆಗೆ ಮಡಿಕೆ ಹಾಕುವವರು, ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಇವಳು ಘೋಷಣೆ ಎತ್ತಿಕೊಟ್ಟರೆ ಅವರು ದನಿಗೂಡಿಸುವುದು ವಾಡಿಕೆ. ಕಾರ್ಯದರ್ಶಿ ಮೈಕನ್ನು ಅವಳ ಕೈಗಿಟ್ಟ.

ಅವಳು ಅದನ್ನು ಬಾಯಿಯವರೆಗೂ ಒಯ್ದಳು. ಉಸಿರಾಡಿದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಮೈಕನ್ನು ಹಿಂದಕ್ಕೆ ಕೊಟ್ಟಳು.

"ನಂಗಾಗಲ್ಲ ಅಣ್ಣ. ವೋಟು ಹಾಕಿ ಅಂದ್ರಿ, ಹಾಕ್ತೀನಿ. ಗಂಟಲು ಕೊಡಲ್ಲ."

"ಏನಂತೆ ಅವಳಿಗೆ?" ಧಣಿ ನಗುಮುಖ ಬಿಡದೆ ಹಲ್ಲು ಕಚ್ಚಿ ಕೇಳಿದ. "ಲೌಡಿಗೆ ಕೊಬ್ಬಾ?"

ಅವಳು ಚಕ್ರದ ಮೇಲೆ ಕಾಲಿಟ್ಟು ಇಳಿದಳು. ಕಾರ್ಯದರ್ಶಿ ತಾನೇ ಕೂಗಿದ. ಒಡಕು ದನಿ. ಬಾಗಿಲುಗಳಿಂದ ಒಂದು ಉತ್ತರವೂ ಬರಲಿಲ್ಲ. ಮೂರನೆಯ ಸಲ ಕೂಗಿ ಅವನೂ ಸುಮ್ಮನಾದ. ಲಾರಿ ಮುಂದಕ್ಕೆ ಹೋಯಿತು.

ಮತದಾನದ ದಿನ ಅವಳು ಗಂಡನ ಕೈ ಹಿಡಿದು ಕರೆದೊಯ್ದಳು. ಇಬ್ಬರೂ ಪಾರ್ಟಿ ಹೇಳಿದಲ್ಲೇ ಒತ್ತಿದರು.

ಧಣಿ ಗೆದ್ದ. ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಮೇಸ್ತ್ರಿ ಅವಳಿಗೆ ಕೈ ಅಡ್ಡ ಹಿಡಿದ. "ನಿಂಗೆ ಕೆಲಸ ಇಲ್ಲ. ಹೋಗಿ ಗಂಟಲು ಜೋಪಾನ ಮಾಡ್ಕೋ."

ಅವಳು ಗೇಟಿನ ಎದುರು ನೆಲದ ಮೇಲೆ ಕೂತಳು. ಒಳಗೆ ಹೋಗಬೇಕಿದ್ದ ಮಡಿಕೆ ಹಾಕುವ ಹೆಂಗಸು ಒಬ್ಬಳು ನಿಂತು ನೋಡಿ, ಬುತ್ತಿಯನ್ನು ಕೆಳಗಿಟ್ಟು ಪಕ್ಕದಲ್ಲೇ ಕೂತಳು. ತೊಟ್ಟಿಯ ಸಾಲಿನವರೂ ಬಂದರು. ಸೈರನ್ ಆಯಿತು. ಯಾರೂ ಏಳಲಿಲ್ಲ.

ಬಿಸಿಲೇರಿದ ಮೇಲೆ ವಿಜಯದ ಮೆರವಣಿಗೆಯ ಜೀಪು ಬಂತು. ಕಾರ್ಯದರ್ಶಿ ಇಳಿದು ಬಂದು ಅವಳ ಮುಂದೆ ಬಗ್ಗಿದ.

"ಈಗ ಬೇಡ ಅಕ್ಕ. ಸರ್ಕಾರ ಆಗ್ಲಿ. ಅಲ್ಲೀವರೆಗೆ ತಡ್ಕೊಳ್ಳಿ ಅಂತ ಮೇಲಿಂದ ಹೇಳಿದಾರೆ. ಏಳಿ."

"ನಿಂತು ನಿಂತು ನಿಮಗೂ ಸಾಕಾಗಿದೆ ಅಣ್ಣ," ಎಂದಳು ಅವಳು. "ಕೂತ್ಕೊಳ್ಳಿ."

ಮಡಿಕೆ ಹಾಕುವ ಹೆಂಗಸು ತನ್ನ ಬುತ್ತಿಯನ್ನು ಎತ್ತಿಕೊಂಡು ಒಂದಿಷ್ಟು ಆ ಕಡೆ ಸರಿದು ಜಾಗ ಮಾಡಿದಳು. ಜೀಪಿನವನು ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಕಾರ್ಯದರ್ಶಿ ಆ ಖಾಲಿ ನೆಲವನ್ನು ನೋಡುತ್ತಾ, ಕೂರದೆ, ಹೋಗದೆ, ಬಿಸಿಲಲ್ಲಿ ಹಾಗೇ ನಿಂತಿದ್ದ.