ಕೈಚೀಲದ ಸಾಕ್ಷಿ

ನ್ವೇಯಿ ನೀರಿನ ಮಡಕೆಯನ್ನು ಎತ್ತಿ ಹೊಸ್ತಿಲ ಮುಂದಿನ ಕಲ್ಲಿಗೆ ಬಡಿದಳು. ಒಡೆಯಲಿಲ್ಲ.

"ಜೋರಾಗಿ ಹಾಕೇ, ಮಡಕೆ ಒಡೀದಿದ್ರೆ ಹೋದವಳು ವಾಪಸ್ ಬಂದಾಳು," ಎಂದಳು ಪಕ್ಕದ ಮನೆಯ ಮುದುಕಿ.

"ಬರ್ಲಿ ಬಿಡಜ್ಜಿ. ಟಿನ್‌ಶ್ವೇ ಬಂದ್ರೆ ನಾನು ಬೇಡ ಅಂತೀನಾ?"

ಎರಡನೇ ಏಟಿಗೆ ಒಡೆಯಿತು. ಶವದ ಗಾಡಿಯ ಹಿಂದೆ ಬಾಡಿಗೆ ಬಸ್ಸು ಯಾಂಗೊನ್ನಿನ ಹೊರಗಿನ ಸ್ಮಶಾನಕ್ಕೆ ಹೊರಟಿತು. ಸತ್ತವಳ ಹೆಸರು, ವಯಸ್ಸು ಅಚ್ಚಾದ ಬೀಸಣಿಗೆಗಳನ್ನು ನ್ವೇಯಿ ಎಲ್ಲರಿಗೂ ಹಂಚಿದಳು.

"ಏನಾಗಿತ್ತಮ್ಮ?" ಎಂದ ಡ್ರೈವರ್.

"ಕ್ಷಯ," ಎಂದಳು ಟಿನ್‌ಶ್ವೇಯ ಮಗಳು ಫ್ಯೂಸಿನ್.

ಸುಳ್ಳಲ್ಲ, ಕ್ಷಯವೂ ಇತ್ತು. ಅದಕ್ಕೆ ದಾರಿ ಮಾಡಿಕೊಟ್ಟ ಎಚ್‌ಐವಿಯ ಹೆಸರನ್ನು ಯಾರೂ ಎತ್ತಲಿಲ್ಲ. ಊರೇ ಬಲ್ಲ ಗುಟ್ಟಿಗೆ ಬೀಗ ಹಾಕುವುದರಲ್ಲಿ ನಮ್ಮ ಕೇರಿಯವರು ಗಟ್ಟಿಗರು.

*

ನ್ವೇಯಿ, ಟಿನ್‌ಶ್ವೇ ಇಬ್ಬರೂ ಒಂದೇ ಚಿತ್ರಮಂದಿರದೆದುರು ಗಿರಾಕಿಗಾಗಿ ನಿಲ್ಲುತ್ತಿದ್ದ ಕಾಲ. ಕಾಂಡೋಮ್ ಇಲ್ಲದೆ ಟಿನ್‌ಶ್ವೇ ಯಾರ ಜೊತೆಗೂ ಹೋದವಳಲ್ಲ. ಒಂದು ಸಂಜೆ ಪೊಲೀಸರು ಇಬ್ಬರನ್ನೂ ಹಿಡಿದು ಅವರ ಚೀಲಗಳನ್ನು ಮೇಜಿನ ಮೇಲೆ ಸುರಿದರು. ನ್ವೇಯಿಯದರಲ್ಲಿ ಬರೀ ಬಾಚಣಿಗೆ, ಅವಳನ್ನು ಬಿಟ್ಟರು. ಟಿನ್‌ಶ್ವೇಯದರಲ್ಲಿ ಕಾಂಡೋಮ್ ಪೊಟ್ಟಣಗಳಿದ್ದವು.

"ಒಳ್ಳೆ ಹೆಂಗಸಿಗೆ ಇದ್ಯಾಕೆ?"

"ಒಳ್ಳೆ ಗಂಡಸರು ತರಲ್ವಲ್ಲ ಸ್ವಾಮಿ, ಅದಕ್ಕೆ."

ಆ ಪೊಟ್ಟಣಗಳೇ ಸಾಕ್ಷಿಯಾಗಿ ಒಂದು ವರ್ಷ ಜೈಲಾಯಿತು. ಪುಟ್ಟ ಫ್ಯೂಸಿನ್ ನ್ವೇಯಿಯ ಮನೆಯಲ್ಲಿ ಅಮ್ಮ ಅಮ್ಮ ಎಂದು ಅತ್ತಳು.

ಬಿಡುಗಡೆಯಾದ ಟಿನ್‌ಶ್ವೇ ಮತ್ತೆಂದೂ ಚೀಲದಲ್ಲಿ ಅದನ್ನು ಇಡಲಿಲ್ಲ. "ರೋಗ ಬಂದ್ರೆ ಯಾವಾಗ್ಲೋ ಸಾಯ್ತೀನಿ ಕಣೇ. ಜೈಲಾದ್ರೆ ಮಗಳು ಇವತ್ತೇ ಉಪವಾಸ," ಎಂದಿದ್ದಳು.

*

ಹಿಂತಿರುಗುವಾಗ ನ್ವೇಯಿ ಫ್ಯೂಸಿನ್ ಪಕ್ಕದಲ್ಲಿ ಕೂತಳು. ಹುಡುಗಿ ಕಳೆದ ತಿಂಗಳಷ್ಟೇ ಕರೋಕೆ ಬಾರಿಗೆ ಸೇರಿದ್ದಳು. ಬರೀ ಹಾಡುವ ಕೆಲಸ ಎಂದು ಅವಳು ಹೇಳಿದ್ದಳು, ನ್ವೇಯಿ ಕೇಳಿಸಿಕೊಂಡಿದ್ದಳು.

"ತಗೋ, ಚೀಲದಲ್ಲಿಟ್ಕೋ." ಈಗ ಚಿಕಿತ್ಸಾಲಯದ ಪರವಾಗಿ ಕಾಂಡೋಮ್ ಹಂಚುವುದೇ ನ್ವೇಯಿಯ ಕೆಲಸ.

"ಅಮ್ಮನ್ನ ಸುಟ್ಟು ಇನ್ನೂ ಮನೆಗೆ ಹೋಗಿಲ್ಲ. ಇವತ್ತೇನಾ ದೊಡ್ಡಮ್ಮ?"

"ಇವತ್ತೇ."

"ಸಿಕ್ಕಿಬಿದ್ರೆ?"

"ಈಗ ಅದು ಸಾಕ್ಷಿ ಅಲ್ಲ ಕಣೇ. ಮೇಲಿಂದ ಆಜ್ಞೆ ಬಂದು ಎಷ್ಟೋ ಕಾಲ ಆಯ್ತು."

"ನಮ್ಮ ಠಾಣೆಗೂ ಬಂತಾ?"

ನ್ವೇಯಿ ಹಿಂದಿನ ಸೀಟಿನತ್ತ ಕೈ ತೋರಿಸಿದಳು. ಅಲ್ಲಿ ಅದೇ ಬಾರಿನ ಇಬ್ಬರು ಹುಡುಗಿಯರು ಕೂತಿದ್ದರು. "ಅವರಿಗೂ ಕೊಟ್ಟಿದ್ದೀನಿ. ಹೆದರ್ಕೊಂಡ್ರಾ? ನಿನ್ನ ಬೀಸಣಿಗೆನೂ ನಾನೇ ಹಂಚ್ಬೇಕೇನೆ?"

ಫ್ಯೂಸಿನ್ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡಳು. ನ್ವೇಯಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ಇವಳನ್ನಾದರೂ ಉಳಿಸಿಕೊಂಡೆ ಎನಿಸಿತು.

ಸೇತುವೆಯ ಹತ್ತಿರ ಬಸ್ಸು ನಿಧಾನವಾಯಿತು. ಮುಂದೆ ಪೊಲೀಸರು ಅಡ್ಡಗಟ್ಟೆ ಹಾಕಿದ್ದರು. ಪಕ್ಕದಲ್ಲಿ ಚೀಲದ ಜಿಪ್ ಎಳೆದ ಸದ್ದಾಯಿತು. ನ್ವೇಯಿ ತಿರುಗುವಷ್ಟರಲ್ಲಿ ಫ್ಯೂಸಿನ್‌ಳ ಕೈ ಕಿಟಕಿಯಾಚೆ ಇತ್ತು, ಬೆರಳುಗಳು ಬಿಚ್ಚಿಕೊಂಡಿದ್ದವು, ಅಂಗೈ ಖಾಲಿಯಾಗಿತ್ತು.

ಪೊಲೀಸಿನವನು ಸಾವಿನ ಬಸ್ಸೆಂದು ತಿಳಿದು, ಒಳಗೆ ಇಣುಕದೆಯೇ, ಹೋಗಿ ಎಂದು ಸನ್ನೆ ಮಾಡಿದ.

ನ್ವೇಯಿ ಹಿಂದಕ್ಕೆ ನೋಡಿದಳು. ಆ ಇಬ್ಬರು ಹುಡುಗಿಯರೂ ಕಿಟಕಿಯಿಂದ ತಮ್ಮ ಕೈಗಳನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತಿದ್ದರು.