ಎರಡು ಬಿಲ್ಲೆ ಸೌತೆಕಾಯಿ

ಭಾನುವಾರ ಅತ್ತೆ ತಮ್ಮ ತಂಗಿಯ ಮನೆಗೆ ಹೊರಡುವವರಿದ್ದರು. ಮತ್ತೆ ಬರುವ ಮಾತನ್ನು ಅವರು ಆಡಿರಲಿಲ್ಲ, ಸೊಸೆಯೂ ಕೇಳಿರಲಿಲ್ಲ. ಮಗ ತೀರಿಕೊಂಡು ಆರು ವಾರವಾಗಿತ್ತು. ಅಷ್ಟು ದಿನವೂ ಇಬ್ಬರ ನಡುವೆ ಓಡಾಡಿದ್ದು ನೀರು ಬಂತಾ, ಬಾಗಿಲು ಹಾಕಿದೆಯಾ ಎಂಬಂಥ ಮಾತುಗಳು ಮಾತ್ರ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಸೊಸೆ ಒಂದು ಮಾತು ಆಡಿದ್ದಳು. ಅದನ್ನು ವಾಪಸು ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಅವಳು ಹಾಲಿನ ಡೈರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಕಟ್ಟಳೆ ಎರಡು. ಹೊರಗೆ ಹೋಗುವ ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ಎತ್ತಿಟ್ಟು, ಚೀಟಿ ಅಂಟಿಸಿ, ಹತ್ತು ದಿನ ಕಾದಿಡಬೇಕು. ಯಾರಾದರೂ ಹೊಟ್ಟೆ ಕೆಟ್ಟಿತು ಎಂದು ಬಂದರೆ ಆ ಬಾಟಲಿಯೇ ಸಾಕ್ಷಿ. ಇನ್ನೊಂದು, ಅನುಮಾನ ಬಂದರೆ ಚರ್ಚೆಯಿಲ್ಲ, ಚೆಲ್ಲುವುದು. ಏಳು ವರ್ಷದಲ್ಲಿ ಇವಳು ಚೆಲ್ಲಿಸಿದ ಹಾಲಿಗೆ ಒಂದು ಕೆರೆ ತುಂಬುತ್ತಿತ್ತು ಎಂದು ಗಂಡ ಕಂಡಕಂಡವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಗಂಡ ದೂರದ ಬಸ್ಸುಗಳ ಡ್ರೈವರ್. ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ಮೂವತ್ತಾರು. ಔಷಧಿ ಏರಿಸಿದ ಹತ್ತು ದಿನಕ್ಕೆಲ್ಲ ಅವನ ರಕ್ತದ ಬಿಳಿಕಣಗಳು ನೆಲ ಕಚ್ಚುತ್ತಿದ್ದವು. ಬೇರೆಯವರಿಗೆ ಏನೂ ಮಾಡದ ಕ್ರಿಮಿ ಆ ದಿನಗಳಲ್ಲಿ ಇವನ ಜೀವಕ್ಕೇ ಎರವಾಗಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿ, ಏನು ತಿನ್ನಬಹುದು, ಏನು ತಿನ್ನಬಾರದು ಎಂಬ ಹಾಳೆಯೊಂದನ್ನು ಕೊಟ್ಟರು.

ಹಾಳೆ ಕೈಗೆ ಬಂದದ್ದೇ ತಡ, ಮನೆಯ ಅಡುಗೆಮನೆ ಡೈರಿಯಾಯಿತು. ಮೊಣಕೈವರೆಗೆ ಸೋಪು ಹಚ್ಚದೆ ಯಾರೂ ಒಲೆಯ ಹತ್ತಿರ ಹೋಗುವಂತಿರಲಿಲ್ಲ. ಅನ್ನದ ಪಾತ್ರೆಗೂ ಥರ್ಮಾಮೀಟರ್ ಇಳಿಯಿತು. ಮಾಡಿ ಒಂದು ಗಂಟೆ ಕಳೆದದ್ದು ಬಚ್ಚಲಿಗೆ ಹೋಯಿತು. “ನನ್ನನ್ನೂ ಒಂದು ಕುದಿ ಕುದಿಸಿಬಿಡಮ್ಮ, ಪೀಡೆ ಹೋಗುತ್ತೆ,” ಎಂದಿದ್ದರು ಅತ್ತೆ ಒಮ್ಮೆ. ಅವನು ಹಾಸಿಗೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಪ್ರತಿ ಊಟದಿಂದ ಒಂದು ಚಮಚ ಸಣ್ಣ ಬಾಟಲಿಗೆ ಹೋಗಿ ಫ್ರೀಜರ್ ಸೇರುತ್ತಿತ್ತು. ಚೀಟಿಯ ಮೇಲೆ ನಾಲ್ಕು ಸಾಲು: ದಿನ, ಹೊತ್ತು, ಪದಾರ್ಥ, ಮಾಡಿದವರು.

ಅವನ ಬಾಯೆಲ್ಲ ಹುಣ್ಣು. ಬೇಯಿಸಿದ್ದೆಲ್ಲ ಬೂದಿ ಅಗಿದ ಹಾಗೆ ಎನ್ನುತ್ತಿದ್ದ. ಬಸ್ಸು ನಿಂತಲ್ಲೆಲ್ಲ ಸೌತೆಕಾಯಿ ಕೊಂಡು ಅಂಗಿಗೆ ಒರೆಸಿ ಕಚ್ಚುತ್ತಿದ್ದ ಮನುಷ್ಯ ಅವನು. ತಣ್ಣಗಿನದೊಂದು ಚೂರು ಸಾಕು ಎಂದು ನಾಲ್ಕು ಸಲ ಕೇಳಿದ. ಬಿಳಿಕಣಗಳ ಎಣಿಕೆ ಏರಲಿ, ಒಂದು ಮೂಟೆ ತಂದು ಸುರಿಯುತ್ತೇನೆ ಎಂದು ನಾಲ್ಕು ಸಲವೂ ಅವಳು ತಳ್ಳಿಹಾಕಿದಳು. ಐದನೆಯ ಸಲ ಅವನು ಅವಳನ್ನು ಕೇಳಲಿಲ್ಲ. ಅವಳು ಡೈರಿಗೆ ಹೋಗಿದ್ದ ಹೊತ್ತು ನೋಡಿ ತಾಯಿಯನ್ನು ಕೇಳಿದ.

ಎರಡು ದಿನ ಬಿಟ್ಟು ನಡುಕದ ಜ್ವರ ಬಂತು. ಬೇಯಿಸದ್ದು ಏನಾದರೂ ತಿಂದಿದ್ದಾರಾ ಎಂದು ಡ್ಯೂಟಿಯಲ್ಲಿದ್ದ ಡಾಕ್ಟರು ಕೇಳಿದರು. ಇಲ್ಲ ಎಂದು ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೌತೆಕಾಯಿಯ ಹೆಸರು ಹೇಳಿದರು. ಐದನೆಯ ದಿನ ಅವನು ಹೋದ. ಹೆಣಕ್ಕೆ ಕಾಯುತ್ತ ಮೊಗಸಾಲೆಯಲ್ಲಿ ನಿಂತಿದ್ದಾಗ ಸೊಸೆ ದನಿ ಏರಿಸದೆ ಹೇಳಿದ್ದಳು:

“ನಾನು ಐದು ತಿಂಗಳು ಕಾಯ್ದೆ. ನೀವು ಒಂದೇ ಬೆಳಗ್ಗೆ ಕೊಂದಿರಿ.”

ಅತ್ತೆ ಎದುರಾಡಲಿಲ್ಲ. ಅಂದಿನಿಂದ ಅವರೂ ಬೇಯಿಸದ್ದನ್ನು ಮುಟ್ಟಲಿಲ್ಲ. ಬಾಳೆಹಣ್ಣು ಕೊಟ್ಟರೆ ಅದನ್ನೂ ಹಬೆಯಲ್ಲಿಟ್ಟು ತಿನ್ನುತ್ತಿದ್ದರು.

ಹೊರಡುವ ವಾರದ ಮಂಗಳವಾರ ಫ್ರೀಜರ್ ಬಾಗಿಲು ಮುಚ್ಚಲಾರದಷ್ಟು ಹಿಮ ಕಟ್ಟಿಕೊಂಡಿತ್ತು. ಹತ್ತು ದಿನದ ಕಟ್ಟಳೆ ಎಂದೋ ಮುಗಿದಿದ್ದರೂ ಅವಳು ಬಾಟಲಿಗಳನ್ನು ಮುಟ್ಟಿರಲಿಲ್ಲ. ಸ್ವಿಚ್ ಆರಿಸಿ, ಒಂದೊಂದಾಗಿ ತೆಗೆದು ಸಿಂಕಿನಲ್ಲಿಟ್ಟಳು. ಗಂಜಿ, ಬೇಳೆ, ಗಂಜಿ, ಆಲೂಗಡ್ಡೆ. ಎಲ್ಲ ಅವಳದೇ ಅಕ್ಷರ. ಕೊನೆಯದರ ಚೀಟಿಯ ಮೇಲೆ ಅವನ ಅಕ್ಷರವಿತ್ತು, ಕೈ ನಡುಗಿ ಸೊಟ್ಟಗಾದದ್ದು. ದಿನ. ಹೊತ್ತು, ಹತ್ತೂವರೆ. ಪದಾರ್ಥ, ಸೌತೆಕಾಯಿ, ಎರಡು ಬಿಲ್ಲೆ. ಮಾಡಿದವರು ಎಂಬಲ್ಲಿ ಬರೆದಿದ್ದ: ತಿಂದವನೇ.

ಒಳಗೆ ಉಗುರಿನಷ್ಟು ಚೂರು.

ಅವಳು ಅಳಲಿಲ್ಲ. ಬಾಟಲಿಯನ್ನು ಐಸ್ ಪೆಟ್ಟಿಗೆಗೆ ಹಾಕಿಕೊಂಡು ಡೈರಿಗೆ ಹೋದಳು. ಅವನ ರಕ್ತದಲ್ಲಿ ಬೆಳೆದ ಕ್ರಿಮಿಯ ಹೆಸರು ಆಸ್ಪತ್ರೆಯ ವರದಿಯಲ್ಲಿತ್ತು. ಹಾಲಿನಲ್ಲಿ ಅವಳು ದಿನಬೆಳಗಾದರೆ ಹುಡುಕುವ ಕ್ರಿಮಿಯೇ ಅದು. ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡಲು ಇಡುವ ಹಾಲಿನ ತಟ್ಟೆಗಳ ಸಾಲಿನಲ್ಲೇ ಇದನ್ನೂ ಇಟ್ಟಳು. ಸಿಗಲಿ ಎಂದೇ ಇಟ್ಟಳು. ಸಿಕ್ಕರೆ ಆಡಿದ ಮಾತು ಆಡಿದ ಹಾಗೇ ಉಳಿಯುತ್ತದೆ, ಭಾನುವಾರ ಅತ್ತೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು.

ಗುರುವಾರ ತಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಏನೂ ಬೆಳೆದಿರಲಿಲ್ಲ.

ಒಂದೂವರೆ ತಿಂಗಳು ಹಿಮದಲ್ಲಿದ್ದ ಚೂರು ಪೂರ್ತಿ ನಿಜ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಶುಕ್ರವಾರ ಆಸ್ಪತ್ರೆಯ ವರದಿಯನ್ನೂ, ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಆ ಹಳೆಯ ಹಾಳೆಯನ್ನೂ ಹಿಡಿದು ಡಾಕ್ಟರಮ್ಮನ ಮುಂದೆ ಕೂತಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಆ ಕ್ರಿಮಿ ಎಲ್ಲರ ಕರುಳಿನಲ್ಲೂ ಇರುವಂಥದ್ದೇ ಎಂದರು. ಔಷಧಿಗೆ ಬಾಯಿ ಹುಣ್ಣಾದ ಹಾಗೆ ಕರುಳಿನ ಒಳಪದರವೂ ಸವೆಯುತ್ತದೆ, ತಡೆಯುವ ಬಿಳಿಕಣಗಳಿಲ್ಲದಾಗ ಅಲ್ಲಿಂದಲೇ ರಕ್ತಕ್ಕೆ ನುಗ್ಗುತ್ತದೆ, ಹೆಚ್ಚಿನವರಲ್ಲಿ ಆಗುವುದೇ ಹೀಗೆ. ಇಂಥದ್ದರಿಂದಲೇ ಎಂದು ಆಣೆ ಇಟ್ಟು ಹೇಳಲಾಗದಿದ್ದರೂ ಸೌತೆಕಾಯಿಯ ಮೇಲೆ ತಮಗೆ ಅನುಮಾನವಿಲ್ಲ. ಮಾತಾಡುತ್ತಲೇ ಹಾಳೆ ತಿರುಗಿಸಿದವರು ಒಂದು ಕಡೆ ಬೆರಳಿಟ್ಟರು.

“ಈ ಸಾಲು ಹೊಡೆದು ಹಾಕಿದ್ದು ಯಾರು?”

ಕೆಂಪು ಶಾಯಿಯ ಗೆರೆಯ ಕೆಳಗೆ ಅಚ್ಚಿನ ಅಕ್ಷರ ಇನ್ನೂ ಓದುವಂತಿತ್ತು. ಹಸಿ ತರಕಾರಿ, ಹಣ್ಣು: ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಆಗಲೇ ಹೆಚ್ಚಿ ಕೊಡಬಹುದು. ಪಕ್ಕದಲ್ಲಿ ಅವಳ ಅಕ್ಷರ: ಬೇಡ.

“ಅನುಮಾನ ಇತ್ತು,” ಎಂದಳು ಅವಳು.

ಡಾಕ್ಟರಮ್ಮ ಹಾಳೆಯನ್ನು ಮಡಚಿ ಅವಳ ಕೈಗೇ ಕೊಟ್ಟರು. ಕೈ ತೊಳೆದದ್ದು, ಬಿಸಿಬಿಸಿ ಬಡಿಸಿದ್ದು ಯಾವುದೂ ದಂಡವಾಗಲಿಲ್ಲ ಎಂದರು. ಹಾಗೆ ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಒಂದು ಸೌತೆಕಾಯಿ ಕೊಂಡಳು. ಅತ್ತೆ ಅಡುಗೆಮನೆಯಲ್ಲಿ ಕುಡಿಯುವ ನೀರು ಕಾಯಲಿಟ್ಟು, ನೆಲದ ಮೇಲೆ ಕೂತು ಚೀಲಕ್ಕೆ ಸೀರೆ ತುಂಬುತ್ತಿದ್ದರು. ಅವಳು ಕೈ ತೊಳೆದಳು, ಸೌತೆಕಾಯಿ ತೊಳೆದಳು, ಸಿಪ್ಪೆ ತೆಗೆದು ಹೆಚ್ಚಿದಳು. ತಟ್ಟೆಯನ್ನು ಅತ್ತೆಯ ಮುಂದಿಟ್ಟು ತಾನೂ ಕೂತಳು.

“ನೀವು ಕೊಟ್ಟಿದ್ದರಿಂದ ಅಲ್ಲ ಅತ್ತೆ. ಡಾಕ್ಟರನ್ನ ಕೇಳಿ ಬಂದೆ. ಅವತ್ತು ನಾನು ಆಡಬಾರದ ಮಾತು ಆಡಿದೆ.” ಹಾಳೆಯನ್ನೂ ಬಿಡಿಸಿಟ್ಟಳು. “ಅವರು ಕೊಡಬಹುದು ಅಂತಲೇ ಬರೆದಿದ್ರು. ಗೆರೆ ಎಳೆದಿದ್ದು ನಾನು.”

ಅತ್ತೆ ಹಾಳೆಯ ಕಡೆ ನೋಡಲಿಲ್ಲ.

“ಅವನಿಗೆ ಗೊತ್ತಿತ್ತು ಕಣಮ್ಮ,” ಎಂದರು. “ಆ ಹಾಳೆ ಅವನು ಮೊದಲ ದಿನವೇ ಓದಿದ್ದ. ತೋರಿಸಿ ಕೇಳೋ ಅವಳನ್ನ, ಕೊಡ್ತಾಳೆ ಅಂದೆ. ಬೇಡಮ್ಮ, ಇನ್‌ಸ್ಪೆಕ್ಟರಮ್ಮ ಆ ಗೆರೆ ಹಿಡ್ಕೊಂಡೇ ನಿಂತಿದಾಳೆ, ಬಿಡಿಸಿದ್ರೆ ಬಿದ್ದುಹೋಗ್ತಾಳೆ ಅಂದ.”

“ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ ನೀವು?”

“ಹೇಳಿದ್ರೆ ನೀನು ಏನನ್ನ ಹಿಡ್ಕೊಂಡು ನಿಲ್ತಿದ್ದೆ?”

ಒಲೆಯ ಮೇಲೆ ನೀರು ಸದ್ದು ಮಾಡತೊಡಗಿತು. ಭಾನುವಾರ ಹೋಗುವುದು ಹೋಗುವುದೇ, ಸಿಟ್ಟಿನಿಂದಲ್ಲ, ಈ ಅಡುಗೆಮನೆಯನ್ನು ನೋಡಲಾಗುವುದಿಲ್ಲ ಎಂದರು ಅತ್ತೆ. ಆಮೇಲೆ ನೆಲಕ್ಕೆ ಕೈಯೂರಿ ಎದ್ದು ತಟ್ಟೆ ಎತ್ತಿಕೊಂಡರು. ತಿನ್ನುತ್ತಾರೆ ಎಂದುಕೊಂಡಳು ಸೊಸೆ. ಅವರು ಬಿಲ್ಲೆಗಳನ್ನು ಒಂದೊಂದಾಗಿ ಕುದಿಯುವ ನೀರಿಗೆ ಹಾಕಿದರು.

“ಹಸಿಯದು ಗಂಟಲಲ್ಲಿ ಇಳಿಯಲ್ಲ ನಂಗೆ,” ಎಂದರು.

ಅವಳು ಎದ್ದು ಅತ್ತೆಯ ಪಕ್ಕ ನಿಂತಳು. ಬಿಲ್ಲೆಗಳು ತಿರುಗುತ್ತ ತಿರುಗುತ್ತ ಬಣ್ಣ ಕಳೆದುಕೊಂಡವು. ಬೆಂದ ಮೇಲೆ ಇಬ್ಬರೂ ಎರಡೆರಡು ತಿಂದರು. ಬೂದಿಯ ಹಾಗೆಯೇ ಇತ್ತು.